ಅಕ್ಕನ ವಾಕ್ಯದ ಉದ್ದ

ನನ್ನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಇನ್‌ಹೇಲರ್ ಇರುತ್ತದೆ. ನನಗೆ ಉಬ್ಬಸವಿಲ್ಲ. ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟರೆ ಓದುವವರಿಗೆ ತೊಡಕಾಗುತ್ತದೆ ಎಂದು ನನಗೆ ಗೊತ್ತು. ಮಂಗಳೂರಿನ ಪತ್ರಿಕೆಯೊಂದರ ಸುದ್ದಿಮೇಜಿನಲ್ಲಿ ಇಂಥ ತೊಡಕುಗಳನ್ನು ಬಿಡಿಸುವುದೇ ಬಹಳ ವರ್ಷ ನನ್ನ ಕೆಲಸವಾಗಿತ್ತು. ಆದರೆ ಎರಡೂ ನಿಜ. ಇನ್‌ಹೇಲರ್ ನನ್ನ ಅಕ್ಕ ವನಜಳದು. ಅವಳ ಕೈಚೀಲದಲ್ಲಿ ಒಂದಿದೆ, ಅವಳ ಅಡಿಗೆಮನೆಯ ಕಿಟಕಿಯಲ್ಲಿ ಇನ್ನೊಂದಿದೆ. ಮೂರನೆಯದನ್ನು ನಾನು ಹಟ ಮಾಡಿ ಇಸಿದುಕೊಂಡು ಇಟ್ಟುಕೊಂಡಿದ್ದೇನೆ. ಅವಳು ಇರುವುದು ನೆವಾರ್ಕಿನಲ್ಲಿ, ನಾನಿರುವುದು ಹೇವರ್ಡಿನಲ್ಲಿ; ಪರದೇಶದ ಈ ಎರಡು ಊರುಗಳ ನಡುವೆ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ನನ್ನ ಜೇಬಿನಲ್ಲಿರುವ ಮದ್ದು ಅವಳಿಗೆ ಯಾವ ಉಪಯೋಗಕ್ಕೆ ಬಂದೀತು ಎಂದು ನೀವು ಕೇಳಬಹುದು. ನನ್ನ ಹೆಂಡತಿ ದಿನಾ ಕೇಳುತ್ತಾಳೆ.

ನನ್ನ ಕೈ ಸುಮ್ಮನಿರುವ ಜಾತಿಯದಲ್ಲ. ಸುದ್ದಿಮೇಜಿನಲ್ಲಿದ್ದಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ಎದುರು ಕುಳಿತವರ ತಲೆ ತಿನ್ನುತ್ತಿದ್ದೆ. ಈಗ ಪೆನ್ನಿನ ಜಾಗಕ್ಕೆ ಇದು ಬಂದಿದೆ. ಅಲುಗಾಡಿಸಿದರೆ ಬಲಿತ ಕಾಯಿಯಂತೆ ಒಳಗೆ ಸಣ್ಣಗೆ ಕುಲುಕುತ್ತದೆ. ನಾನೀಗ ಕೆಲಸ ಮಾಡುವುದು ಹೇವರ್ಡಿನ ಒಂದು ಗೋದಾಮಿನ ಆಫೀಸಿನಲ್ಲಿ. ರಟ್ಟಿನ ಪೆಟ್ಟಿಗೆಗಳ ಮೇಲೆ ಅಂಟಿಸುವ ಚೀಟಿಗಳಲ್ಲಿ ಅಕ್ಷರ ತಪ್ಪಿದೆಯೇ ಎಂದು ನೋಡಬೇಕು. ಮುಖಪುಟ ತಿದ್ದುತ್ತಿದ್ದವನು ಈಗ 'ಈ ಭಾಗ ಮೇಲಿರಲಿ' ಎಂಬುದನ್ನು ತಿದ್ದುತ್ತೇನೆ. ತಪ್ಪು ಹೋದರೆ ಮರುದಿನ ಓದುಗರ ಪತ್ರ ಬರುವುದಿಲ್ಲ ಎಂಬುದೇ ಲಾಭ. ಅಲ್ಲಿ ಒಂದು ಮೀಟಿಂಗಿನಲ್ಲಿ ಯೋಚನೆಯಿಲ್ಲದೆ ಇದನ್ನು ಹೊರತೆಗೆದು ಕುಲುಕಿದೆ. ಮಾತಾಡುತ್ತಿದ್ದ ಮ್ಯಾನೇಜರಮ್ಮ ಥಟ್ಟನೆ ನಿಲ್ಲಿಸಿದರು. "ಟೇಕ್ ಯುವರ್ ಟೈಮ್" ಎಂದರು. ಎಲ್ಲರೂ ಮರ್ಯಾದೆಯಿಂದ ಮೇಜು ನೋಡುತ್ತ ನಾನು ಮದ್ದು ಎಳೆದುಕೊಳ್ಳುವುದನ್ನು ಕಾದರು. ಇದು ನನ್ನದಲ್ಲ, ನಮ್ಮಕ್ಕನದು ಎಂದೆ. ಎಲ್ಲರೂ ಮೇಜನ್ನು ಇನ್ನಷ್ಟು ಗಮನವಿಟ್ಟು ನೋಡಿದರು.

"ಆ ಡಬ್ಬಿ ಕೆಳಗ ಇಡ್ರಿ. ನಿಮ್ಮ ಅಕ್ಕಾರಿಗಿಂತ ಹೆಚ್ಚು ಅದನ್ನ ನೀವೇ ಅಲುಗಾಡಸ್ತೀರಿ" ಎನ್ನುತ್ತಾಳೆ ಧಾರವಾಡದ ನನ್ನ ಹೆಂಡತಿ ಸುಮಾ. ಇಡುತ್ತೇನೆ. ಫೋನು ತೆಗೆದು ಗಾಳಿಯ ಗುಣ ತೋರಿಸುವ ಆ್ಯಪ್ ನೋಡುತ್ತೇನೆ. ಹಸಿರು. ಎದ್ದು ಕಿಟಕಿ ತೆರೆಯುತ್ತೇನೆ. ಮತ್ತೆ ನೋಡುತ್ತೇನೆ. ಹಸಿರೇ. ಕಿಟಕಿ ಮುಚ್ಚುತ್ತೇನೆ. ಈ ಸೀಮೆಯಲ್ಲಿ ಬೇಸಿಗೆ ಮುಗಿಯುತ್ತ ಬಂದಂತೆ ಎಲ್ಲೋ ಒಂದು ಬೆಟ್ಟಕ್ಕೆ ಬೆಂಕಿ ಬೀಳುತ್ತದೆ, ಬೆಂಕಿ ಅಲ್ಲೇ ಉಳಿದು ಹೊಗೆ ಮಾತ್ರ ನಮ್ಮಲ್ಲಿಗೆ ಬರುತ್ತದೆ. ಆಗ ಆ್ಯಪಿನ ನಕ್ಷೆ ಹಳದಿಯಾಗಿ, ಕಿತ್ತಳೆಯಾಗಿ, ಕೆಂಪಾಗುತ್ತದೆ. ನಾನು ನೆವಾರ್ಕಿಗೆ ಫೋನು ಮಾಡುತ್ತೇನೆ.

ಫೋನಿನಲ್ಲಿ ನಾನು ಹೇಗಿದ್ದೀ ಎಂದು ಕೇಳುವುದಿಲ್ಲ. ಕೇಳಿದರೆ ಚೆನ್ನಾಗಿದ್ದೇನೆ ಎನ್ನುತ್ತಾಳೆ, ಅದರಿಂದ ಏನೂ ತಿಳಿಯುವುದಿಲ್ಲ. ಅವಳ ವಾಕ್ಯದ ಉದ್ದ ನೋಡುತ್ತೇನೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಕೆಲಸಕ್ಕೆ ಸೇರಿದಾಗ ಇದ್ದ ಹಿರಿಯ ಸಂಪಾದಕರಿಗೆ ಒಂದು ನಿಯಮವಿತ್ತು. ವರದಿಯ ಪ್ರತಿ ವಾಕ್ಯವನ್ನೂ ಗಟ್ಟಿಯಾಗಿ ಓದಬೇಕು. ಒಂದೇ ಉಸಿರಿನಲ್ಲಿ ಮುಗಿಯದಿದ್ದರೆ ಕತ್ತರಿಸಬೇಕು. ಅವರದು ಬೀಡಿಯ ಎದೆ. ಆದ್ದರಿಂದ ನಮ್ಮ ಪತ್ರಿಕೆಯ ವಾಕ್ಯಗಳು ಆ ಕಾಲದಲ್ಲಿ ಬಹಳ ಚಿಕ್ಕವಾಗಿದ್ದವು. ಅವರ ಕೈಕೆಳಗೆ ಪಳಗಿದ ಮೇಲೆ ಯಾರು ಮಾತಾಡಿದರೂ ಅರ್ಥಕ್ಕಿಂತ ಮೊದಲು ನನಗೆ ಕೇಳಿಸುವುದು ಎಲ್ಲಿ ಅಲ್ಪವಿರಾಮ, ಎಲ್ಲಿ ಪೂರ್ಣವಿರಾಮ ಎಂಬುದು. ಮದುವೆಮನೆಯಲ್ಲಿ ಪುರೋಹಿತರ ಸಂಕಲ್ಪ ಕೇಳುವಾಗಲೂ ಮನಸ್ಸಿನಲ್ಲೇ ಕತ್ತರಿ ಆಡಿಸುತ್ತೇನೆ. ಇದೊಂದು ರೋಗ, ಒಪ್ಪುತ್ತೇನೆ. ಆದರೆ ವನಜಕ್ಕನ ವಿಷಯದಲ್ಲಿ ಈ ರೋಗ ಕೆಲಸಕ್ಕೆ ಬಂತು.

ವನಜಕ್ಕ ಮಾತಿನವಳು. ಅವಳ ಒಂದು ವಾಕ್ಯ ಗ್ರೋಸರಿ ಅಂಗಡಿಯ ಬೆಂಡೆಕಾಯಿಯಲ್ಲಿ ಹೊರಟರೆ ಭಾವನ ಮಂಡಿನೋವನ್ನು ಮುಟ್ಟಿ, ಬೀದಿಯಾಚೆಯವರ ನಾಯಿಯನ್ನು ಬೈದು, ಉಡುಪಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಬಾವಿಕಟ್ಟೆಗೆ ಒಂದು ಸುತ್ತು ಹಾಕಿ, ಮತ್ತೆ ಬೆಂಡೆಕಾಯಿಗೆ ಬಂದು ನಿಲ್ಲುತ್ತದೆ. ಅದು ಅವಳ ಆರೋಗ್ಯದ ಲಕ್ಷಣ. ಎದೆ ಬಿಗಿಯತೊಡಗಿದರೆ ಮೊದಲು ನಾಯಿ ಹೋಗುತ್ತದೆ. ಆಮೇಲೆ ಬಾವಿಕಟ್ಟೆ. ಕೊನೆಗೆ ಬೆಂಡೆಕಾಯಿ ಒಂದೇ ಉಳಿದರೆ ಕಾರಿನ ಬೀಗದ ಕೈ ಹುಡುಕಬೇಕು.

ಚಿಕ್ಕಂದಿನಲ್ಲಿ ಇದು ನನಗೆ ತಿಳಿದಿರಲಿಲ್ಲ. ಅವಳ ಎದೆಯಲ್ಲಿ ಒಂದು ಬೆಕ್ಕಿನಮರಿ ಇದೆ ಎಂದು ನಂಬಿದ್ದೆ. ಬಚ್ಚಲ ಒಲೆಗೆ ಹಸಿ ತೆಂಗಿನಗರಿ ಇಟ್ಟ ದಿನ ಮರಿ ಎದ್ದು ಕುಂಯ್‌ಗುಡುತ್ತಿತ್ತು. ಅಕ್ಕ ಅಡಿಗೆಕೋಣೆಯ ಹೊಸ್ತಿಲಲ್ಲಿ ಮೊಣಕಾಲಿನ ಮೇಲೆ ಎರಡೂ ಕೈ ಊರಿ, ಹೆಗಲು ಎತ್ತಿಕೊಂಡು ಕೂರುತ್ತಿದ್ದಳು. ಅಮ್ಮ ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಅವಳ ಬೆನ್ನಿಗೆ ತಿಕ್ಕುತ್ತಿದ್ದಳು. ಹಿಪ್ಪಲಿಯ ಕಷಾಯ ಕುಡಿಸುತ್ತಿದ್ದಳು. ಅಕ್ಕನ ಜೊತೆಗೆ ನನಗೂ ಒಂದು ಲೋಟ ಸಿಗುತ್ತಿತ್ತು, ರೋಗ ಯಾರಿಗಿದ್ದರೂ ಕಷಾಯ ಎಲ್ಲರಿಗೂ ಎಂಬುದು ನಮ್ಮ ಮನೆಯ ಪದ್ಧತಿ. ಆ ಖಾರ ಈಗಲೂ ಗಂಟಲಲ್ಲಿದೆ.

ಇಷ್ಟಾದರೂ ಉಬ್ಬಸ ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಬಂದವರು ಕೇಳಿದರೆ "ಸ್ವಲ್ಪ ಶೀತ" ಎನ್ನುತ್ತಿದ್ದಳು ಅಮ್ಮ. ಬೇಸಿಗೆ, ಮಳೆ, ಚಳಿ, ವರ್ಷಪೂರ್ತಿ ಅಕ್ಕನಿಗೆ ಸ್ವಲ್ಪ ಶೀತ. ಹೆಣ್ಣು ಹುಡುಗಿ, ನಾಳೆ ಮದುವೆಯಾಗಬೇಕು. ಭಾವನ ಕಡೆಯವರು ನೋಡಲು ಬಂದ ದಿನ ಮನೆ ಸ್ವಚ್ಛ ಮಾಡುವ ಗಡಿಬಿಡಿಯಲ್ಲಿ ಧೂಳೆದ್ದು ಅವಳಿಗೆ ಬಿಗಿದುಕೊಂಡಿತ್ತು. ಹಾಡು ಎಂದರು, ಪಲ್ಲವಿ ಹಾಡಿ ತಲೆ ತಗ್ಗಿಸಿದಳು. ಏನು ಓದಿದ್ದೀ ಎಂದರು, "ಬಿ.ಎ." ಎಂದಳು. ಅಡಿಗೆ ಬರುತ್ತದೆಯೇ ಎಂದರು, "ಬರ್ತದೆ" ಎಂದಳು. ಹುಡುಗಿ ಮಿತಭಾಷಿ, ನಮ್ಮ ಮನೆಗೆ ಹೇಳಿ ಮಾಡಿಸಿದ ಹಾಗಿದ್ದಾಳೆ ಎಂದು ಭಾವನ ತಾಯಿ ಅಲ್ಲೇ ಒಪ್ಪಿಗೆ ಕೊಟ್ಟರು. ಭಾವ ಇಂದಿಗೂ ನೆಂಟರ ಮುಂದೆ ಇದನ್ನು ಹೇಳಿ, "ನನಗೆ ಆದ ಮೋಸ ಯಾವ ಕೋರ್ಟಿನಲ್ಲಿಯೂ ನಿಲ್ಲುದಿಲ್ಲ" ಎನ್ನುತ್ತಾರೆ. ಅಕ್ಕ, "ಮೋಸ ನನಗೆ. ಇವರಿಗೆ ಮಾತು ಬರ್ತದೆ ಅಂತ ಹೇಳಿದ್ರು" ಎನ್ನುತ್ತಾಳೆ.

ನೆವಾರ್ಕಿಗೆ ಬಂದ ಮೇಲೆ ಅಕ್ಕ ಮನೆಯಲ್ಲಿಯೇ ಒಂದು ಡೇಕೇರು ತೆರೆದಳು. ಬೆಳಿಗ್ಗೆ ಫ್ರೀಮಾಂಟಿಗೋ ಇನ್ನೂ ಮುಂದಕ್ಕೋ ಕೆಲಸಕ್ಕೆ ಹೋಗುವವರು ಮಕ್ಕಳನ್ನು ಅವಳ ಬಾಗಿಲಲ್ಲಿ ಬಿಟ್ಟು ಓಡುತ್ತಾರೆ. ಮಕ್ಕಳು ಅಲ್ಲಿ ಗಂಜಿ ಉಣ್ಣುವುದನ್ನೂ ಚಪ್ಪಲಿ ಸಾಲಾಗಿ ಇಡುವುದನ್ನೂ ಕಲಿಯುತ್ತವೆ. ಇನ್ನೊಂದನ್ನೂ ಕಲಿಯುತ್ತವೆ: ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ನೀರು ಕುಡಿಯುವುದು. ಅದು ನಮ್ಮ ಅಮ್ಮನ ಕಟ್ಟುನಿಟ್ಟು. ತುಟಿ ತಾಗಿದರೆ ಎಂಜಲು. ಎಂಜಲಾದ ಕೈಯಲ್ಲಿ ನೀರಿನ ಕೊಡ ಮುಟ್ಟುವ ಹಾಗಿಲ್ಲ, ಅಡಿಗೆಕೋಣೆಗೆ ಹೋಗುವ ಹಾಗಿಲ್ಲ, ದೇವರ ಪಾತ್ರೆಯ ಮಾತಂತೂ ಬೇಡ. ನಾನು ಸುದ್ದಿಮೇಜಿನ ಚಹಾದ ಗಾಜಿನ ಲೋಟಗಳ ಸಹವಾಸದಲ್ಲಿ ಕೆಟ್ಟೆ. ಅಕ್ಕ ಕೆಡಲಿಲ್ಲ. ಪ್ಲಾಸ್ಟಿಕ್ ಬಾಟಲಿಯಾಗಲಿ, ವಿಮಾನದಲ್ಲಿ ಕೊಡುವ ಹಣ್ಣಿನ ರಸವಾಗಲಿ, ಬಿಸಿ ಕಾಫಿಯಾಗಲಿ, ಕತ್ತು ಹಿಂದಕ್ಕೆ ಹಾಕಿ, ಗೇಣು ಎತ್ತರದಿಂದ ಸುರಿದುಕೊಂಡು, ಒಂದು ಹನಿ ಚೆಲ್ಲದೆ ನುಂಗುತ್ತಾಳೆ. ಡೇಕೇರಿನ ಮಕ್ಕಳು ಮಾತ್ರ ಸಂಜೆ ಒದ್ದೆ ಅಂಗಿಯಲ್ಲಿ ಮನೆಗೆ ಹೋಗುತ್ತಿದ್ದವು. ಹುಬ್ಬಳ್ಳಿಯ ಒಬ್ಬ ತಾಯಿ, "ಆಂಟಿ, ನಮ್ಮ ಹುಡುಗ ಸಿಪ್ಪಿ ಕಪ್ಪಿನ್ಯಾಗಿಂದೂ ಎತ್ತಿ ಕುಡೀಲಿಕ್ಕೆ ಹತ್ಯಾನ್ರೀ" ಎಂದು ದೂರು ಕೊಟ್ಟಳಂತೆ. ಅಕ್ಕನಿಗೆ ಅದು ಪ್ರಶಸ್ತಿಪತ್ರ ಬಂದಷ್ಟು ಸಂತೋಷ.

ಹೊಗೆಯ ವರ್ಷಗಳು ಶುರುವಾದ ಮೇಲೆ ಬೆಕ್ಕಿನಮರಿ ಅವಳ ಎದೆಗೆ ಮರಳಿತು. ಡಾಕ್ಟರು ಬಿಗಿತ ಬಂದಾಗ ಎಳೆದುಕೊಳ್ಳಲು ಇನ್‌ಹೇಲರ್ ಬರೆದುಕೊಟ್ಟರು. ಬಳಸುವುದು ಗೊತ್ತೇ ಎಂದು ಅಲ್ಲಿನ ನರ್ಸಮ್ಮ ಕೇಳಿದ್ದಕ್ಕೆ ಅಕ್ಕ ಗೊತ್ತು ಎಂದು ತಲೆಯಾಡಿಸಿದಳು. ಗೊತ್ತಿಲ್ಲ ಎಂದು ಹೇಳುವುದು ಅವಳ ಅಭ್ಯಾಸದಲ್ಲಿಲ್ಲ. ಮುಂದಿನ ತಿಂಗಳುಗಳಲ್ಲಿ ಅವಳಿಂದ ನಮಗೆಲ್ಲ ಒಂದೇ ವರದಿ: "ಈ ದೇಶದ ಮದ್ದು ನಂಗೆ ಹಿಡಿಯುದಿಲ್ಲ ಮಾರಾಯ. ಬಾಯಿ ಕಹಿ ಆಗ್ತದೆ, ಅಷ್ಟೆ." ನಾವು ಒಪ್ಪಿದೆವು. ಎರಡನೆಯ ಸಲ ಔಷಧದಂಗಡಿಯವರು ಬೇರೆ ಬಣ್ಣದ್ದು ಕೊಟ್ಟಾಗ, "ನೋಡು, ಅವರಿಗೇ ನಂಬಿಕೆ ಇಲ್ಲ, ಬದಲಿಸಿದ್ದಾರೆ" ಎಂದಳು. ಅದಕ್ಕೂ ಒಪ್ಪಿದೆವು.

ಅವಳು ಅದನ್ನು ಬಳಸುವುದನ್ನು ಯಾರೂ ಕಂಡಿರಲಿಲ್ಲ. ಎದೆ ಬಿಗಿದಾಗ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮಕ್ಕಳ ತಂದೆತಾಯಿ ನೋಡಿದರೆ ಈ ಹೆಂಗಸಿಗೆ ಕಾಯಿಲೆ ಎಂದುಕೊಂಡಾರು ಎಂಬ ಹೆದರಿಕೆ ಒಂದು. ಅದಕ್ಕಿಂತ ಹಳೆಯದು ಅಮ್ಮನ 'ಸ್ವಲ್ಪ ಶೀತ'. ಕಣ್ಣಾರೆ ಕಾಣದ್ದನ್ನು ಬರೆಯಬೇಡ ಎಂದು ಎಳೆಯ ವರದಿಗಾರರಿಗೆ ಪಾಠ ಹೇಳುತ್ತಿದ್ದ ನಾನು ಬಾತ್‌ರೂಮಿನ ಮುಚ್ಚಿದ ಬಾಗಿಲಿನಾಚೆಯ ಸುದ್ದಿಯನ್ನು ಹಾಗೆಯೇ ಅಚ್ಚಿಗೆ ಕಳಿಸಿದ್ದೆ.

ಮರುವರ್ಷ ಚೌತಿಯ ದಿನ ಆಕಾಶ ಅರಿಶಿನದ ನೀರಿನ ಬಣ್ಣಕ್ಕಿತ್ತು. ನಕ್ಷೆ ಕೆಂಪು ದಾಟಿ ನೇರಳೆಗೆ ಹೊರಳುತ್ತಿತ್ತು. ಪ್ರತಿ ವರ್ಷ ಗಣಪತಿ ಕೂರಿಸುವುದು ಸರಟೋಗಾದ ಗುಡ್ಡದ ಮೇಲೆ, ನಮ್ಮ ಚಿಕ್ಕಮ್ಮನ ಮಗಳು ಶಶಿಯ ಮನೆಯಲ್ಲಿ. ನೈವೇದ್ಯದ ಪಂಚಕಜ್ಜಾಯ ಮಾತ್ರ ವನಜಕ್ಕನದೇ ಆಗಬೇಕು. ಮಿಂದು, ಮಡಿಯುಟ್ಟು, ಯಾರನ್ನೂ ಮುಟ್ಟಿಸಿಕೊಳ್ಳದೆ ಮಾಡಿ, ಸ್ಟೀಲಿನ ಡಬ್ಬದಲ್ಲಿ ತುಂಬಿ, ತಾನೇ ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಾಳೆ. ಭಾವ ಮಂಟಪ ಕಟ್ಟಲು ಮುಂಚೆಯೇ ಹೋಗಿದ್ದರು, ಸುಮಾ ಅವರ ಜೊತೆಗೆ. ಅಕ್ಕನನ್ನು ಕರೆತರುವುದು ನನ್ನ ಪಾಲಿಗೆ ಬಂತು. ಹಿಂದಿನ ಸೀಟಿನಲ್ಲಿ ಕಾಲೇಜಿಗೆ ಹೋಗುವ ನನ್ನ ಮಗಳು ಅನಘಾ.

ಹತ್ತುವಾಗಲೇ ಅಕ್ಕ ಕಡಿಮೆ ಮಾತಾಡಿದಳು. "ಹೊರಡು, ತಡ ಆಯ್ತು" ಎಂದಳು, ಅಷ್ಟೆ. ತಡವಾದದ್ದು ಯಾರಿಂದ ಎಂಬ ಅಧ್ಯಾಯ ಬರಲಿಲ್ಲ. ಕಿಟಕಿ ಮುಚ್ಚಿದ್ದೆವು, ಆದರೂ ಹೊಗೆಯ ವಾಸನೆ ಇತ್ತು. ಫ್ರೀವೇಯಲ್ಲಿ ಕಾರುಗಳು ಹಾಡುಹಗಲೇ ದೀಪ ಹಾಕಿಕೊಂಡು ತೆವಳುತ್ತಿದ್ದವು. ನಾನು ಸ್ಟಿಯರಿಂಗಿನ ಮೇಲೆ ಬೆರಳು ಬಡಿಯುತ್ತ ಮಾತು ಹುಡುಕಿದೆ.

"ಅಕ್ಕ, ಶಶಿ ಈ ಸಲ ಹೂವು ಎಲ್ಲಿಂದ ತರಿಸಿದ್ದಾಳಂತೆ?"

ಶಶಿ, ಹೂವು, ಖರ್ಚು, ಶಶಿಯ ಅತ್ತೆ. ಮಾಮೂಲಿ ದಿನವಾದರೆ ಸರಟೋಗಾ ಬರುವವರೆಗೆ ಸಾಕಾಗುವಷ್ಟು ಸರಕು ಅದರಲ್ಲಿತ್ತು.

"ಗೊತ್ತಿಲ್ಲ" ಎಂದಳು ಅಕ್ಕ.

ಪಕ್ಕಕ್ಕೆ ತಿರುಗಿ ನೋಡಿದೆ. ಡಬ್ಬವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಹೆಗಲು ಎತ್ತಿಕೊಂಡು ಕುಳಿತಿದ್ದಳು. ಉಡುಪಿಯ ಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದ ಹಾಗೆ.

"ಮದ್ದು ತಕ್ಕೊ."

ತಲೆಯಲ್ಲೇ ಬೇಡವೆಂದಳು.

"ಯಾಕೆ?"

"ಡಬ್ಬ."

"ಡಬ್ಬಕ್ಕೇನಾಗಿದೆ?"

"ಎಂಜಲು" ಎಂದಳು. ಎರಡು ಉಸಿರು ಎಳೆದು, "ಆಗ್ತದೆ" ಎಂದಳು. ಒಂದೇ ಮಾತು ಎರಡು ತುಂಡಾಗಿ ಬಂತು. ಬಾಯಿಗೆ ಏನೇ ಹಾಕಿಕೊಂಡರೂ ತೊಡೆಯ ಮೇಲಿನ ನೈವೇದ್ಯ ಕೆಡುತ್ತದೆ ಎಂಬುದು ಅವಳ ಲೆಕ್ಕ.

"ಅಪ್ಪಾ, ಶಿ ಈಸ್ ನಾಟ್ ಓಕೆ" ಎಂದಳು ಅನಘಾ ಹಿಂದಿನಿಂದ. "ಡಬ್ಬ ನಂಗೆ ಕೊಡಿ ದೊಡ್ಡತ್ತೆ, ಐ ವಿಲ್ ಹೋಲ್ಡ್ ಇಟ್."

ಅಕ್ಕ ಕನ್ನಡಿಯಲ್ಲಿ ಅವಳನ್ನು ನೋಡಿ, "ತಲೆಗೆ ಮಿಂದಿಲ್ಲ" ಎಂದಳು. ಉಸಿರಿಲ್ಲದಿದ್ದರೂ ಅದು ಅವಳ ಕಣ್ಣಿಗೆ ಬಿದ್ದಿತ್ತು.

"ಹಾಗಾದರೆ ನಾನು ಹಿಡೀತೇನೆ."

"ನೀನು… ಕಾಫಿ."

ನಿಜ, ಕಾಫಿ ಕುಡಿದು ಹೊರಟಿದ್ದೆ, ಅದೂ ಲೋಟ ಕಚ್ಚಿ. ಮುಂದಿನ ಎಕ್ಸಿಟ್ ತೆಗೆದುಕೊಂಡು, ಗ್ರೋಸರಿ ಅಂಗಡಿಯೊಂದರ ಪಾರ್ಕಿಂಗಿಗೆ ನುಗ್ಗಿ ಕಾರು ನಿಲ್ಲಿಸಿದೆ. ಅಕ್ಕ ಇಳಿದಳು. ಡಬ್ಬವನ್ನು ತಾನು ಕುಳಿತಿದ್ದ ಸೀಟಿನ ಮೇಲೆ ಇಟ್ಟು, ಅದು ಉರುಳದಂತೆ ಸೀಟ್ ಬೆಲ್ಟು ಎಳೆದು ಕಟ್ಟಿದಳು. ಆ ಸ್ಥಿತಿಯಲ್ಲಿ. ಆಮೇಲೆ ಕೈಚೀಲದಿಂದ ಇನ್‌ಹೇಲರ್ ತೆಗೆದು ನಮಗೆ ಬೆನ್ನು ಹಾಕಿ ನಿಂತಳು. ಸುತ್ತ ಬಾತ್‌ರೂಮು ಇರಲಿಲ್ಲ, ಬಾಗಿಲೂ ಇರಲಿಲ್ಲ. ನಾನು ಮಾತ್ರ ಸುತ್ತಿ ಅವಳ ಎದುರಿಗೆ ಹೋದೆ.

ಕತ್ತನ್ನು ಹಿಂದಕ್ಕೆ ಹಾಕಿದಳು. ಬಾಯಿ ತೆರೆದಳು. ಇನ್‌ಹೇಲರನ್ನು ಗೇಣು ಎತ್ತರಕ್ಕೆ ಎತ್ತಿ ಹಿಡಿದು ಒತ್ತಿದಳು. ಬಿಳಿಯ ಹಬೆಯೊಂದು ಬಾಯಿಯ ಕಡೆಗೆ ಇಳಿದು, ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ, ಪಕ್ಕದ ಕಾರಿನ ಮೇಲೆ ಹಾದುಹೋಯಿತು. ಅಕ್ಕ ಬಾಯಿ ಮುಚ್ಚಿ ಗುಟುಕ್ಕೆಂದು ನುಂಗಿದಳು. ಒಂದು ಹನಿ ಚೆಲ್ಲದವಳ ಶಿಸ್ತಿನಿಂದ.

ಇಷ್ಟು ದಿನ ಅವಳು ಮದ್ದನ್ನು ಎತ್ತಿ ಕುಡಿಯುತ್ತಿದ್ದಳು.

"ಅಕ್ಕ, ಅದು ನೀರಲ್ಲ. ಕುಡಿಯುವುದಲ್ಲ. ತುಟಿಯಲ್ಲಿ ಕಚ್ಚಿ ಹಿಡಿ, ಒಳಗೆ ಎಳೆ."

ತಲೆಯಾಡಿಸಿದಳು. ಬೇಡ. ಬಾಯಿ ತೆರೆದಳು, ಮಾತು ಬರಲಿಲ್ಲ. ಕಾರಿನ ಸೀಟಿನತ್ತ ಕೈ ತೋರಿಸಿದಳು. ಅವಳ ಕುತ್ತಿಗೆಯ ಗುಳಿ ಪ್ರತಿ ಉಸಿರಿಗೂ ಒಳಕ್ಕೆ ಹೋಗುತ್ತಿತ್ತು. ನೀಲಿಗಟ್ಟಿದೆಯೇ ಎಂದು ಉಗುರಿನ ಬಣ್ಣ ನೋಡಿದೆ. ಫೋನು ತೆಗೆದು ತುರ್ತು ನಂಬರು ಒತ್ತಿ, ಕರೆಯ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡೆ. ಇದೊಂದು ಸಲ ಸರಿಯಾಗಿ ಎಳೆದುಕೊಳ್ಳಲಿ, ಆಗಲೂ ಉಸಿರು ಬಾರದಿದ್ದರೆ ಒತ್ತಿಬಿಡುವುದು ಎಂದು ತೀರ್ಮಾನಿಸಿದೆ. ಈಗ ಬರೆಯುವಾಗ ಅನಿಸುತ್ತದೆ, ಆ ಒಂದು ಸಲಕ್ಕೂ ಕಾಯದೆ ಒತ್ತಬೇಕಿತ್ತು. ಪುಟವನ್ನು ಅಚ್ಚಿಗೆ ಬಿಡುವ ಮೊದಲು ಇನ್ನೊಮ್ಮೆ ಖಚಿತಪಡಿಸಿಕೊಳ್ಳುವ ಚಟ ಎಲ್ಲ ಕಡೆಗೂ ಸಲ್ಲುವುದಿಲ್ಲ.

ಅವಳನ್ನು ಒಪ್ಪಿಸಿದ್ದು ಅನಘಾ. ಕಾರಿನಲ್ಲಿದ್ದ ನೀರಿನ ಬಾಟಲಿ ಹಿಡಿದು ಇಳಿದು ಬಂದು ಅವಳ ಎದುರು ನಿಂತಳು.

"ದೊಡ್ಡತ್ತೆ, ನೀರು ನಾನು ಹಾಕ್ತೀನಿ. ಬಾಯಿ ತೊಳೀರಿ, ಕೈ ತೊಳೀರಿ. ದೆನ್ ಎಂಜಲು ಈಸ್ ಗಾನ್. ರೈಟ್? ಆಮೇಲೆ ಡಬ್ಬ."

ಅವಳ ಬಾಯಿಂದ ಅಷ್ಟು ಉದ್ದದ ಕನ್ನಡ ನಾನು ಕೇಳಿರಲಿಲ್ಲ. ಅಕ್ಕ ಬಾಟಲಿಯನ್ನು ನೋಡಿದಳು, ಡಬ್ಬವನ್ನು ನೋಡಿದಳು. ಶಾಸ್ತ್ರ ಸರಿಹೋಯಿತು. ಇನ್‌ಹೇಲರನ್ನು ತುಟಿಗಳ ನಡುವೆ ಇಟ್ಟುಕೊಂಡಳು, ಹಾವು ಕಚ್ಚೀತು ಎಂಬಂತೆ ಕಣ್ಣು ಮುಚ್ಚಿಕೊಂಡು.

"ಮೊದಲು ಉಸಿರು ಹೊರಗೆ ಬಿಡು. ಈಗ ನಿಧಾನ ಎಳೆ. ಎಳೆಯುವಾಗಲೇ ಒತ್ತು. ಹಿಡಿದುಕೊ. ಹಿಡಿದುಕೊ. ಬಿಡು."

ಕೆಮ್ಮಿದಳು. ತುಸು ಬಿಟ್ಟು ಇನ್ನೊಮ್ಮೆ. ಎರಡನೆಯ ಸಲ ಹಬೆ ಹೊರಗೆ ಕಾಣಲಿಲ್ಲ. ಎಲ್ಲವೂ ಒಳಗೆ ಹೋಗಿತ್ತು. ಕಾರಿನ ಬಾಗಿಲು ತೆರೆದು ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಮುಂದಿನ ಸೀಟು ಖಾಲಿಯಿರಲಿಲ್ಲ.

ಕಾಯುವುದು ನನಗೆ ಬಾರದ ವಿದ್ಯೆ. ಗ್ರೋಸರಿಯ ಗಾಡಿಗಳನ್ನು ಯಾರೋ ಒಂದರೊಳಗೊಂದು ತಳ್ಳಿ ಸಾಲು ಮಾಡುತ್ತಿದ್ದರು, ಆ ಸದ್ದು ಕೇಳಿಸುತ್ತಿತ್ತು. ಹಳದಿ ಬೆಳಕಿನಲ್ಲಿ ಜನ ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಓಡಾಡುತ್ತಿದ್ದರು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಜೀವನದಲ್ಲಿ ಮೊದಲ ಸಲ ನಾನು ಯಾರದೋ ವಾಕ್ಯ ಉದ್ದವಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ.

"ನೀರು" ಎಂದಳು ಅಕ್ಕ.

ಅನಘಾ ಬಾಟಲಿ ಬಾಗಿಸಿದಳು. ಅಕ್ಕ ಬಾಗಿಲಿನಿಂದ ಹೊರಗೆ ಬಾಗಿ ಬಾಯಿ ಮುಕ್ಕಳಿಸಿದಳು, ಕೈ ತೊಳೆದಳು.

"ಇನ್ನು ಸ್ವಲ್ಪ ಹಾಕು" ಎಂದಳು.

ಮೂರು ಪದ. ನಾನು ಉಸಿರು ಬಿಟ್ಟೆ.

"ನನ್ನ ಸೀರೆ ಒದ್ದೆ ಮಾಡ್ಬೇಡ ಹುಡುಗಿ." ಹೆಗಲು ಕೆಳಗಿಳಿಯಿತು. ನನ್ನ ಕಡೆ ನೋಡಿ, "ನೀನು ಎಂತ ಫೋನು ಹಿಡ್ಕೊಂಡು ಗರುಡಗಂಬದ ಹಾಗೆ ನಿಂತಿದ್ದಿ?" ಎಂದಳು. ಆಮೇಲೆ ಶಶಿಯ ವಿಷಯ ಎತ್ತಿದಳು. ಹೂವು ಸ್ಯಾನ್‌ ಹೋಸೆಯಿಂದ ತರಿಸಿದ್ದಂತೆ, ಅರ್ಧ ಬಾಡಿತ್ತಂತೆ, ಹೋದ ವರ್ಷವೂ ಹೀಗೆಯೇ ಆಗಿತ್ತಂತೆ. ಹೆಬ್ಬೆರಳು ತೆಗೆದೆ.

ಅವಳು ಸೀದಾ ಸರಟೋಗಾಕ್ಕೇ ಎಂದಳು. ನಾನು ಸೀದಾ ಕ್ಲಿನಿಕ್ಕಿಗೆ ಓಡಿಸಿದೆ. ದಾರಿಯುದ್ದಕ್ಕೂ ಬೈದಳು, ಬೈಗುಳ ಕೇಳಲು ಹಿತವಾಗಿತ್ತು. ಬಳಸುವ ಕ್ರಮ ತೋರಿಸಿ ಎಂದು ಅಲ್ಲಿಯ ನರ್ಸಮ್ಮ ಕೇಳಿದಾಗ ಅಕ್ಕ ಅದನ್ನು ಕುಲುಕಿ, ತುಟಿ ಮುಚ್ಚಿ, ಎಳೆದು, ಉಸಿರು ಹಿಡಿದು, ಹುಟ್ಟಿದಾಗಿನಿಂದ ಹೀಗೆಯೇ ಮಾಡುತ್ತ ಬಂದವಳಂತೆ ತೋರಿಸಿದಳು. "ಪರ್ಫೆಕ್ಟ್" ಎಂದರು ನರ್ಸಮ್ಮ. ನಾನು ಬಾಯಿ ತೆರೆದೆ. ಅಕ್ಕ ನನ್ನ ಕಾಲು ತುಳಿದಳು. ಆದ್ದರಿಂದ ಅಲ್ಲಿಯ ದಾಖಲೆಯ ಮಟ್ಟಿಗೆ ಅವಳು ಎಂದೂ ತಪ್ಪು ಮಾಡಿಲ್ಲ. ಡಾಕ್ಟರು ಮಾತ್ರ ಒಂದು ವಿಷಯ ಗಟ್ಟಿಯಾಗಿ ಹೇಳಿದರು: ಇದು ಬಿಗಿತ ಬಂದಾಗ ಬಿಡಿಸುವ ಮದ್ದು, ಬಾರದ ಹಾಗೆ ತಡೆಯುವುದಲ್ಲ, ಪದೇ ಪದೇ ಬೇಕಾಗುತ್ತಿದೆಯೆಂದರೆ ದಿನಾ ತೆಗೆದುಕೊಳ್ಳುವ ಬೇರೆಯದೇ ಬೇಕು. ಅದನ್ನೂ ಬರೆದುಕೊಟ್ಟರು. ಜೊತೆಗೆ ಸ್ಪೇಸರ್ ಎಂಬ ಒಂದು ಪಾರದರ್ಶಕ ಕೊಳವೆ. ಇನ್‌ಹೇಲರನ್ನು ಅದರ ಒಂದು ತುದಿಗೆ ಸಿಕ್ಕಿಸಿ ಇನ್ನೊಂದು ತುದಿಯಿಂದ ಎಳೆದುಕೊಂಡರೆ ಮದ್ದು ಎದೆಗೆ ಚೆನ್ನಾಗಿ ಇಳಿಯುತ್ತದೆ. ಅಕ್ಕ ಅದಕ್ಕೆ ಗಿಂಡಿ ಎಂದು ಹೆಸರಿಟ್ಟಿದ್ದಾಳೆ. ಗಿಂಡಿಯ ಜಾಗ ಹಲ್ಲುಜ್ಜುವ ಬ್ರಷ್ಷಿನ ಪಕ್ಕ, ಎಂಜಲಿನ ವಸ್ತುಗಳ ಸಾಲಿನಲ್ಲಿ. ಅವಳ ಮನೆಯಲ್ಲಿ ಅದಕ್ಕೀಗ ಪೂರ್ಣ ಪೌರತ್ವ ಸಿಕ್ಕಿದೆ. ಬಾಗಿಲು ಹಾಕಿಕೊಳ್ಳುವುದನ್ನೂ ಬಿಟ್ಟಿದ್ದಾಳೆ. ಡೇಕೇರಿನ ಮಕ್ಕಳು ಸುತ್ತ ಕೂತು ನೋಡುತ್ತವೆ, ಅವಳು ಉಸಿರು ಹಿಡಿದಾಗ ತಾವೂ ಕೆನ್ನೆ ಉಬ್ಬಿಸಿ ಹಿಡಿಯುತ್ತವೆ.

ಆ ದಿನ ಶಶಿಯ ಮನೆಯ ಗಣಪತಿ ಸಂಜೆಯವರೆಗೆ ಹಸಿದಿದ್ದ. ಸೀಟ್ ಬೆಲ್ಟು ಬಿಚ್ಚಿ ಡಬ್ಬವನ್ನು ಒಳಗೆ ಒಯ್ದವಳು ಅಕ್ಕನೇ.

ಇವತ್ತು ಬೆಳಿಗ್ಗೆ ಎದ್ದಾಗ ಕಿಟಕಿಯ ಬೆಳಕು ಸರಿಯಿರಲಿಲ್ಲ. ಉತ್ತರದ ಕಡೆ ಎಲ್ಲೋ ಉರಿಯುತ್ತಿದೆಯಂತೆ. ಆ್ಯಪು ನೋಡಿದೆ, ಹಳದಿ. ಕಿಟಕಿ ಮುಚ್ಚಿದೆ. ಕಾಫಿ ಸೋಸಿದೆ, ಆ್ಯಪು ನೋಡಿದೆ. ಜೇಬಿನದನ್ನು ತೆಗೆದು ಕುಲುಕಿದೆ. "ಇಡ್ರಿ ಕೆಳಗ" ಎಂದಳು ಸುಮಾ ಒಳಗಿನಿಂದ. ಇಟ್ಟು ನೆವಾರ್ಕಿಗೆ ಫೋನು ಮಾಡಿದೆ.

"ಎಂತ, ಇಷ್ಟು ಬೇಗ?" ಎಂದಳು ಅಕ್ಕ.

ಮೂರೇ ಪದ, ಅದರಲ್ಲೂ ಪ್ರಶ್ನೆ. ಇದರಿಂದ ಏನೂ ಹೇಳಲಾಗದು. "ಸುಮ್ಮನೆ ಮಾಡಿದೆ. ಬೆಂಡೆಕಾಯಿ ಸಿಕ್ಕಿತಾ?" ಎಂದೆ.

"ಸಿಕ್ಕಿತು ಮಾರಾಯ, ಆದ್ರೆ ಎಂತ ಬೆಂಡೆಕಾಯಿ ಅದು, ಮುರಿದ್ರೆ ಮುರಿಯುದಿಲ್ಲ, ನಿನ್ನ ಭಾವನಿಗೆ ಹೇಳಿದ್ದೆ ತುದಿ ಚಿವುಟಿ ನೋಡಿ ಅಂತ, ಅವರು ಮಂಡಿನೋವು ಅಂತ ಕಾರಿಂದ ಇಳಿಯದೆ ಆಚೆಮನೆಯವನ ಹತ್ರ ತರಿಸಿದ್ದು, ಅವನಿಗೆ ನಾಯಿ ಸಾಕ್ಲಿಕ್ಕೇ ಬರುದಿಲ್ಲ ಇನ್ನು ಬೆಂಡೆ ಆರಿಸ್ಲಿಕ್ಕೆ ಬರ್ತದಾ, ನಮ್ಮ ಉಡುಪಿಯ ಬಾವಿಕಟ್ಟೆಯ ಹತ್ರ ಎರಡೇ ಗಿಡ ಇತ್ತು ನೆನಪುಂಟಾ, ದಿನಾ ಬೆಳಿಗ್ಗೆ ಅಮ್ಮ ಕೊಯ್ತಿದ್ದದ್ದು, ಅಂಥ ಬೆಂಡೆ ಈ ದೇಶದಲ್ಲಿ ಕಣ್ಣಿಗೂ ಕಾಣುದಿಲ್ಲ, ಆಯ್ತಾ, ಅಳತೆ ಮಾಡಿ ಆಯ್ತಾ ನಿಂದು? ಗಿಂಡಿ ಕೈಯ ಹತ್ರವೇ ಉಂಟು. ಫೋನು ಇಡು, ಒಲೆಯ ಮೇಲೆ ಹಾಲು ಇಟ್ಟಿದ್ದೇನೆ."